ಕರಿ ಹೊಗೆ ಜಾಸ್ತಿ, ಎಳೆತ ಕಮ್ಮಿ: ಸೆಕೆಂಡ್ ಹ್ಯಾಂಡ್ ಆಲ್ಕೊ ಲೋಕೊದಲ್ಲಿ ದೋಷ ಹುಡುಕುವುದು ಹೇಗೆ

ಹಳೇ ಆಲ್ಕೊ ಡೀಸೆಲ್ ಲೋಕೊದಲ್ಲಿ (ರೈಲು ಎಂಜಿನ್‌ನಲ್ಲಿ) ಈ ದೋಷದ ಲಕ್ಷಣ ಹೀಗಿರುತ್ತದೆ. ಎಂಜಿನ್ ಸಲೀಸಾಗಿ ಸ್ಟಾರ್ಟ್ ಆಗುತ್ತದೆ. ಐಡಲ್‌ನಲ್ಲಿ ಆರಾಮಾಗಿ ಓಡುತ್ತದೆ. ನಾಲ್ಕನೇ ನಾಚ್‌ವರೆಗೆ (ಪವರ್ ಏರಿಸುವ ಎಂಟು ಮೆಟ್ಟಿಲಲ್ಲಿ ನಾಲ್ಕನೆಯದು) ತಕರಾರಿಲ್ಲ. ಐದಕ್ಕೆ ಏರಿಸಿದ ಕೂಡಲೇ ಚಿಮಣಿಯಿಂದ ಕರಿ ಹೊಗೆ ಶುರು. ಎಂಟಕ್ಕೆ ಹೋದರೂ ನಿಲ್ಲುವುದಿಲ್ಲ. ಆಮ್‌ಮೀಟರ್ ಮುಳ್ಳು ಇರಬೇಕಾದ ಕಡೆ ಬರುವುದಿಲ್ಲ. ಹಿಂದೆ ಒಂದೇ ಸಲಕ್ಕೆ ಏರು ಹತ್ತುತ್ತಿದ್ದ ರೇಕನ್ನು (ವ್ಯಾಗನ್ ಸಾಲನ್ನು) ಈಗ ಎರಡು ತುಂಡು ಮಾಡಿ ಎಳೆಯಬೇಕು.

ಯಾರನ್ನು ಕೇಳಿದರೂ ಮೊದಲ ಉತ್ತರ ಒಂದೇ: "ಟರ್ಬೊ ಹೋಗಿದೆ." ಇರಬಹುದು. ಆದರೆ ಟರ್ಬೊ, ಅಂದರೆ ಸಿಲಿಂಡರ್‌ಗೆ ಗಾಳಿ ಒತ್ತಿ ತುಂಬುವ ಯಂತ್ರ, ಇಳಿಸುವುದು ಸಣ್ಣ ಕೆಲಸ ಅಲ್ಲ. ಕ್ರೇನ್ ಬೇಕು, ಜನ ಬೇಕು, ಲೋಕೊ ದಿನಗಟ್ಟಲೆ ನಿಲ್ಲುತ್ತದೆ. ಅಷ್ಟೆಲ್ಲ ಮಾಡಿ ಬೇರೆ ಟರ್ಬೊ ಹಾಕಿದ ಮೇಲೂ ಹೊಗೆ ಹಾಗೇ ಇದ್ದರೆ? ಹಳೇ ಲೋಕೊಗಳಲ್ಲಿ ಇದು ಆಗುತ್ತಲೇ ಇರುತ್ತದೆ. ಅದಕ್ಕೇ ಟರ್ಬೊವನ್ನು ಕೊನೆಗೆ ಇಟ್ಟುಕೊಂಡು, ಅಳೆದು ನೋಡುವ ಕೆಲಸಗಳನ್ನು ಮೊದಲು ಹೇಳುತ್ತೇನೆ.

ಇಲ್ಲಿ ಹೇಳುವುದು ಆಲ್ಕೊ 251 ಎಂಜಿನ್ ಬಗ್ಗೆ. ನಮ್ಮ ಭಾರತೀಯ ರೈಲ್ವೆಯ ಡಬ್ಲ್ಯುಡಿಎಂ-2 ಲೋಕೊದಲ್ಲಿ ಇರುವುದು ಇದೇ: 16 ಸಿಲಿಂಡರ್, ನಾಲ್ಕು ಸ್ಟ್ರೋಕ್, 1000 ಆರ್‌ಪಿಎಂನಲ್ಲಿ 2600 ಹೆಚ್‌ಪಿ, ಐಡಲ್ 400. ಮೀಟರ್ ಗೇಜಿನ ವೈಡಿಎಂ-4ರಲ್ಲಿ ಇದರದೇ ಆರು ಸಿಲಿಂಡರ್ ತಮ್ಮ. ಆಲ್ಕೊ ಕಂಪನಿ ಅಮೆರಿಕದ ಸ್ಕೆನೆಕ್ಟಡಿಯಲ್ಲಿ ಲೋಕೊ ಮಾಡುವುದನ್ನು 1969ರಲ್ಲೇ ನಿಲ್ಲಿಸಿತು. ಆದರೆ ವಾರಾಣಸಿಯಲ್ಲಿ 1964ರಿಂದ ಶುರುವಾಗಿದ್ದ ತಯಾರಿಕೆ ದಶಕಗಳ ಕಾಲ ನಡೆಯಿತು. ಹಾಗಾಗಿ ಹುಬ್ಬಳ್ಳಿ, ಕೃಷ್ಣರಾಜಪುರಂ ಷೆಡ್‌ಗಳಲ್ಲಿ ಆಲ್ಕೊ ಮೇಲೆ ಕೈ ಪಳಗಿಸಿಕೊಂಡ ತಲೆಮಾರೇ ಇದೆ. ಅತ್ತ ಅಮೆರಿಕದಲ್ಲಿ ಪೆನ್ಸಿಲ್ವೇನಿಯಾದ ಸ್ಕ್ರಾಂಟನ್ ಸುತ್ತ ಓಡುವ ಡೆಲವೇರ್-ಲಾಕವಾನಾ, ನ್ಯೂಯಾರ್ಕ್-ಪೆನ್ಸಿಲ್ವೇನಿಯಾ ಗಡಿಯ ವೆಸ್ಟರ್ನ್ ನ್ಯೂಯಾರ್ಕ್ ಅಂಡ್ ಪೆನ್ಸಿಲ್ವೇನಿಯಾ ತರಹದ ಸಣ್ಣ ಗೂಡ್ಸ್ ರೈಲ್ವೆಗಳು ದೊಡ್ಡ ಕಂಪನಿಗಳು ಬಿಟ್ಟ ಆಲ್ಕೊಗಳನ್ನು ಕೊಂಡು ಓಡಿಸಿಕೊಂಡು ಬಂದವು. ಅರ್ಕನ್ಸಾ ಅಂಡ್ ಮಿಸೌರಿ ರೈಲ್ವೆ 1986ರಲ್ಲಿ ಶುರುವಾದಾಗ ನೆಚ್ಚಿಕೊಂಡಿದ್ದೂ ಹಳೇ ಆಲ್ಕೊಗಳನ್ನೇ. ನಮ್ಮ ಹಳೇ ವೈಡಿಎಂ-4ಗಳು ಮಲೇಷ್ಯಾ, ಮ್ಯಾನ್ಮಾರ್ ತನಕ ಹೋಗಿವೆ. ಊರು ಬೇರೆ, ಎಂಜಿನ್ ಅದೇ, ಹೊಗೆಯೂ ಅದೇ.

ಹೊಗೆ ಎಷ್ಟಿದ್ದರೆ ದೋಷ?

ಆಲ್ಕೊ ಅಂದರೆ ಹೊಗೆ ಇದ್ದೇ ಇರುತ್ತದೆ. ನಾಚ್ ಏರಿಸಿದ ತಕ್ಷಣ ಗವರ್ನರ್ (ಎಂಜಿನ್ ವೇಗ ಕಾಯುವ ಸಾಧನ) ಎಣ್ಣೆ, ಅಂದರೆ ಡೀಸೆಲ್, ಜಾಸ್ತಿ ಕೊಡುತ್ತದೆ. ಟರ್ಬೊ ವೇಗ ಹಿಡಿದು ಅಷ್ಟು ಗಾಳಿ ಒದಗಿಸಲು ಕೆಲವು ಸೆಕೆಂಡ್ ಬೇಕು. ಆ ನಡುವೆ ಎಣ್ಣೆ ಹೆಚ್ಚು, ಗಾಳಿ ಕಮ್ಮಿ. ಹೊಗೆ ಕರಿಯಾಗಿ ಏಳುತ್ತದೆ, ಆಮೇಲೆ ತಿಳಿಯಾಗುತ್ತದೆ. ಫೋಟೊ ತೆಗೆಯುವವರಿಗೆ ಅದೇ ಹಬ್ಬ. ಇದು ದೋಷ ಅಲ್ಲ.

ನಾಚ್ ಬದಲಿಸದೆ ಒಂದೇ ಕಡೆ ನಿಲ್ಲಿಸಿ, ಲೋಡ್ ಮೇಲೆ ಅರ್ಧ ನಿಮಿಷ ಕಾದು ನೋಡಿ. ಆಗಲೂ ಹೊಗೆ ಕರಿಯಾಗೇ ಇದ್ದರೆ ಮುಂದೆ ಓದಿ. ಹೊಗೆ ನೀಲಿ ಇದ್ದರೆ ಲ್ಯೂಬ್ ಎಣ್ಣೆ ಉರಿಯುತ್ತಿದೆ: ರಿಂಗ್, ವಾಲ್ವ್ ಗೈಡ್ ಅಥವಾ ಟರ್ಬೊ ಸೀಲ್. ಬಿಳಿ ಇದ್ದರೆ ನೀರು, ಅಥವಾ ಉರಿಯದೆ ಹೊರಟ ಡೀಸೆಲ್. ಆ ಎರಡರ ದಾರಿ ಬೇರೆ, ಇಲ್ಲಿ ಅವುಗಳ ತಂಟೆಗೆ ಹೋಗುವುದಿಲ್ಲ.

ಇನ್ನೊಂದು ಮಾತು. ಕಲಬುರಗಿ, ಬಳ್ಳಾರಿ ಕಡೆ ಏಪ್ರಿಲ್-ಮೇ ಮಧ್ಯಾಹ್ನ ಗಾಳಿಯೇ ಕಾದು ತೆಳುವಾಗಿರುತ್ತದೆ. ಆಗ ಎಂಜಿನ್ ಒಂದಿಷ್ಟು ಕಮ್ಮಿ ಎಳೆಯುವುದು ಸಹಜ. ಬೆಳಗಿನ ಜಾವದ ರೀಡಿಂಗ್ ಮತ್ತು ಮಧ್ಯಾಹ್ನದ ರೀಡಿಂಗ್ ಹೋಲಿಸಿ "ಪವರ್ ಬಿದ್ದಿದೆ" ಅಂತ ಬರೆಯುವುದರಲ್ಲಿ ಅರ್ಥ ಇಲ್ಲ.

ಸ್ಪ್ಯಾನರ್ ಹಿಡಿಯುವ ಮೊದಲು

ಹೊಸ ಲೋಕೊದಲ್ಲಿ ಪುಸ್ತಕ ಹೇಳಿದ್ದೇ ಎಂಜಿನ್‌ನಲ್ಲಿ ಇರುತ್ತದೆ. ಸೆಕೆಂಡ್ ಹ್ಯಾಂಡ್ ಲೋಕೊದಲ್ಲಿ ಹಿಂದಿನವರು ಹಾಕಿದ್ದು ಇರುತ್ತದೆ. ಬಾಡಿ ಮೇಲಿನ ಪ್ಲೇಟ್ ಒಂದು ಹೇಳುತ್ತದೆ, ಒಳಗಿನ ಸಾಮಾನು ಇನ್ನೊಂದು ಹೇಳುತ್ತದೆ. ಆಯಸ್ಸಿನಲ್ಲಿ ಎಷ್ಟೋ ಸಲ ಹೆಡ್ ಬದಲಾಗಿರುತ್ತದೆ, ಪಂಪ್ ಬದಲಾಗಿರುತ್ತದೆ, ಟರ್ಬೊ ಬೇರೆ ಕಂಪನಿಯದು ಬಂದಿರುತ್ತದೆ. ಭಾರತೀಯ ಆಲ್ಕೊಗಳಲ್ಲೇ ಹಳೇ ಆಲ್ಕೊ ಟರ್ಬೊ ಇದೆ, ಎಬಿಬಿ ಇದೆ, ನೇಪಿಯರ್ ಇದೆ, ಜಿಇ ಇದೆ. ಪ್ರತಿಯೊಂದೂ ಕೊಡುವ ಗಾಳಿಯ ಒತ್ತಡ ಬೇರೆ. ಯಾವ ಟರ್ಬೊ ಅಂತ ಗೊತ್ತಿಲ್ಲದೆ ಬೂಸ್ಟರ್ ಗೇಜ್ (ಆ ಒತ್ತಡ ತೋರಿಸುವ ಮೀಟರ್) ನೋಡಿ "ಕಮ್ಮಿ ಇದೆ" ಅನ್ನುವುದು ಬರೀ ಊಹೆ.

ಅದಕ್ಕೇ ಮೊದಲ ಕೆಲಸ ಬಟ್ಟೆ, ವೈರ್ ಬ್ರಷ್, ಟಾರ್ಚ್ ಹಿಡಿದು ನಂಬರ್ ಬರೆದುಕೊಳ್ಳುವುದು. ಟರ್ಬೊ ಪ್ಲೇಟ್, ಗವರ್ನರ್ ಪ್ಲೇಟ್, ಹದಿನಾರೂ ಫ್ಯೂಯೆಲ್ ಪಂಪ್‌ಗಳ ಮೈಮೇಲಿನ ಗುರುತು. ಹದಿನಾರೂ ಅಂದೆ, ಒಂದೆರಡು ಅಲ್ಲ. ಮುಂದೆ ಒಂದು ಕೇಸ್ ಹೇಳುತ್ತೇನೆ, ಯಾಕೆ ಅಂತ ಆಗ ಗೊತ್ತಾಗುತ್ತದೆ.

ಲೋಕೊ ಎಷ್ಟು ದಿನ ನಿಂತಿತ್ತು ಅನ್ನುವುದೂ ಮುಖ್ಯ. ಮಾರಾಟಕ್ಕೆ ಬರುವ ಮುಂಚೆ ಯಾರ್ಡ್‌ನಲ್ಲಿ ವರ್ಷಗಟ್ಟಲೆ ಮಳೆ-ಬಿಸಿಲಿಗೆ ನಿಂತ ಲೋಕೊಗಳೇ ಜಾಸ್ತಿ. ಅಂಥದ್ದನ್ನು ಮೊದಲ ಸಲ ಕ್ರ್ಯಾಂಕ್ ಮಾಡುವ ಮುಂಚೆ ಪ್ರತಿ ಹೆಡ್‌ನ ಡಿಕಂಪ್ರೆಷನ್ ಪ್ಲಗ್ ತೆಗೆದು, ಎಂಜಿನ್ ಅನ್ನು ಕೈಯಿಂದ ತಿರುಗಿಸಿ. ಸಿಲಿಂಡರ್ ಒಳಗೆ ನೀರಿದ್ದರೆ ಹೊರಗೆ ಚಿಮ್ಮಲಿ. ನೀರು ಒಳಗಿರುವಾಗಲೇ ಕ್ರ್ಯಾಂಕ್ ಮಾಡಿದರೆ ಕನೆಕ್ಟಿಂಗ್ ರಾಡ್ ಬಾಗುತ್ತದೆ, ಆಮೇಲೆ ಹೊಗೆ ವಿಚಾರ ಮಾತಾಡುವ ಅಗತ್ಯವೇ ಬರುವುದಿಲ್ಲ.

ಸುರಕ್ಷತೆ ಬಗ್ಗೆ ಸುಮ್ನೆ ಉದ್ದ ಬರೆಯುವುದಿಲ್ಲ. ಹ್ಯಾಂಡ್ ಬ್ರೇಕ್, ಚಕ್ರಕ್ಕೆ ಕಟ್ಟೆ, ರಿವರ್ಸರ್ ಹ್ಯಾಂಡಲ್ ನಿಮ್ಮ ಜೇಬಿನಲ್ಲಿ. ಒಳಗೆ ಕೈ ಹಾಕುವಾಗ ಬ್ಯಾಟರಿ ನೈಫ್ ಸ್ವಿಚ್ ತೆಗೆದಿರಬೇಕು. ಇಷ್ಟಾದರೂ ಮಾಡದವರು ಮುಂದೆ ಹೋಗಬೇಡಿ.

ಮೂರು ರೀಡಿಂಗ್ ಒಟ್ಟಿಗೆ

ಈ ದೋಷದ ಮುಕ್ಕಾಲು ಪಾಲು ಮೂರು ಅಂಕಿಗಳಲ್ಲಿ ಬಿಚ್ಚಿಕೊಳ್ಳುತ್ತದೆ. ಎಂಟನೇ ನಾಚ್, ಪೂರ್ತಿ ಲೋಡ್, ಒಂದೇ ಹೊತ್ತಿನಲ್ಲಿ ತೆಗೆದ ರೀಡಿಂಗ್ ಆಗಿರಬೇಕು. ಒಂದು, ಎಂಜಿನ್ ಆರ್‌ಪಿಎಂ. ಎರಡು, ಎಷ್ಟು ಡೀಸೆಲ್ ಹೋಗಬೇಕು ಅಂತ ನಿರ್ಧರಿಸುವ ಸರಳು, ಅಂದರೆ ಫ್ಯೂಯೆಲ್ ಪಂಪ್‌ಗಳ ರ‍್ಯಾಕ್ ಎಲ್ಲಿ ನಿಂತಿದೆ. ಮೂರು, ಬೂಸ್ಟರ್ ಗಾಳಿಯ ಒತ್ತಡ. ನಾಲ್ಕನೆಯದಾಗಿ ಹೊಗೆ ನಿಮ್ಮ ಕಣ್ಣೆದುರೇ ಇದೆ.

ಈ ಲೋಕೊದಲ್ಲಿ ಎಂಜಿನ್ ತಿರುಗಿಸುವುದು ಜನರೇಟರ್ ಅನ್ನು, ಅದರ ಕರೆಂಟಿನಿಂದ ಮೋಟಾರ್‌ಗಳು ಚಕ್ರ ತಿರುಗಿಸುತ್ತವೆ. ಆ ಕರೆಂಟನ್ನು ಶಾಖವಾಗಿ ಉರಿಸಿ ಅಳೆಯುವ ಲೋಡ್ ಬಾಕ್ಸ್ ಇದ್ದರೆ ಒಳ್ಳೆಯದು. ವೋಲ್ಟ್ ಮತ್ತು ಆಂಪ್ ಗುಣಿಸಿ 746ರಿಂದ ಭಾಗಿಸಿ, ಜನರೇಟರ್ ನಷ್ಟಕ್ಕೆ 0.94ರಿಂದ ಮತ್ತೊಮ್ಮೆ ಭಾಗಿಸಿ. 800 ವೋಲ್ಟ್, 2100 ಆಂಪ್ ಬಂದರೆ ಸುಮಾರು 2400 ಹೆಚ್‌ಪಿ ಜನರೇಟರ್‌ಗೆ ಹೋಗುತ್ತಿದೆ ಅಂತ ಲೆಕ್ಕ. 2600ರ ಎಂಜಿನ್‌ಗೆ ಇದು ಸರಿಯಾಗಿದೆ. ಉಳಿದದ್ದು ರೇಡಿಯೇಟರ್ ಫ್ಯಾನ್, ಕಂಪ್ರೆಸರ್, ಬ್ಲೋವರ್‌ಗಳ ಪಾಲು. ಲೋಡ್ ಬಾಕ್ಸ್ ಇಲ್ಲದ ಸಣ್ಣ ರೈಲ್ವೆಗಳಲ್ಲಿ ಏರಿನ ಮೇಲೆ ರೇಕ್ ಕಟ್ಟಿಕೊಂಡೇ ಅಳೆಯಬೇಕು. ಆಗ ಒಬ್ಬರು ಕ್ಯಾಬ್‌ನಲ್ಲಿ, ಒಬ್ಬರು ಎಂಜಿನ್ ರೂಮಿನಲ್ಲಿ, ಕೈಯಲ್ಲಿ ವಾಕಿಟಾಕಿ.

ಈಗ ಅಂಕಿಗಳನ್ನು ಓದುವ ಬಗೆ. ರ‍್ಯಾಕ್ ಪೂರ್ತಿ ತೆರೆದಿದೆ, ಬೂಸ್ಟರ್ ಕಮ್ಮಿ, ಹೊಗೆ ಕರಿ: ಎಣ್ಣೆ ಹೋಗುತ್ತಿದೆ, ಗಾಳಿ ಸಾಲುತ್ತಿಲ್ಲ. ಗಾಳಿ ಕಡೆ ಹೋಗಿ. ರ‍್ಯಾಕ್ ಪೂರ್ತಿ ತೆರೆದಿದೆ, ಪವರ್ ಇಲ್ಲ, ಆದರೆ ಹೊಗೆಯೂ ಇಲ್ಲ: ಎಣ್ಣೆಯೇ ಸಿಲಿಂಡರ್‌ಗೆ ಮುಟ್ಟುತ್ತಿಲ್ಲ. ಫಿಲ್ಟರ್, ಒತ್ತಡ, ಸವೆದ ಪಂಪ್ ನೋಡಿ. ರ‍್ಯಾಕ್ ಅರ್ಧದಲ್ಲೇ ನಿಂತಿದೆ, ಆರ್‌ಪಿಎಂ ಸರಿಯಾಗಿದೆ, ಹೊಗೆ ಇಲ್ಲ, ಆಂಪ್ ಕಮ್ಮಿ: ಎಂಜಿನ್ ಮೇಲೆ ಯಾರೂ ಕೆಲಸ ಹೇರುತ್ತಲೇ ಇಲ್ಲ. ದೋಷ ಎಲೆಕ್ಟ್ರಿಕಲ್ ಕಡೆ, ಎಕ್ಸೈಟೇಷನ್ (ಜನರೇಟರ್ ಫೀಲ್ಡ್‌ಗೆ ಹೋಗುವ ಕರೆಂಟ್) ಅಥವಾ ಲೋಡ್ ಕಂಟ್ರೋಲ್ (ಎಂಜಿನ್ ಮೇಲಿನ ಭಾರ ಹೊಂದಿಸುವ ಸಾಧನ). ಇನ್ನು ರ‍್ಯಾಕ್, ಬೂಸ್ಟರ್ ಎರಡೂ ಹೆಚ್ಚುಕಮ್ಮಿ ಸರಿಯಾಗಿದ್ದು ಹೊಗೆ ಮಾತ್ರ ಕರಿ ಇದ್ದರೆ ಕೆಲವೇ ಸಿಲಿಂಡರ್‌ಗಳು ಹಾಳು ಮಾಡುತ್ತಿವೆ. ನಾಜಲ್ (ಸಿಲಿಂಡರ್ ಒಳಗೆ ಡೀಸೆಲ್ ಚಿಮುಕಿಸುವ ತುದಿ), ಟೈಮಿಂಗ್, ಪಂಪ್ ಹೊಂದಾಣಿಕೆ ನೋಡಿ.

ಇಲ್ಲೊಂದು ಬಲೆ ಇದೆ. ಟರ್ಬೊಗೆ ತನ್ನದೇ ಶಕ್ತಿ ಅಂತ ಇಲ್ಲ. ಎಂಜಿನ್ ಬಿಡುವ ಬಿಸಿ ಹೊಗೆಯ ರಭಸದಿಂದಲೇ ಅದು ತಿರುಗಬೇಕು. ಎಂಜಿನ್ ಕಮ್ಮಿ ಎಣ್ಣೆ ಉರಿಸಿದರೆ ಬೂಸ್ಟರ್ ತಾನಾಗೇ ಕಮ್ಮಿಯಾಗುತ್ತದೆ. ಹಾಗಾಗಿ ಬೂಸ್ಟರ್ ಗೇಜ್ ಒಂದನ್ನೇ ನೋಡಿ ಟರ್ಬೊಗೆ ಶಿಕ್ಷೆ ಕೊಡುವುದು ನ್ಯಾಯ ಅಲ್ಲ. ಹೊಗೆ ಇಲ್ಲದೆ ಬೂಸ್ಟರ್ ಕಮ್ಮಿ ಇದ್ದರೆ ಟರ್ಬೊ ಬಹುಪಾಲು ನಿರಪರಾಧಿ.

ಇನ್ನೊಂದು ಬಲೆ ಲೋಡ್ ಕಂಟ್ರೋಲ್‌ನದು. ಗವರ್ನರ್ ಎಣ್ಣೆ ಪೂರ್ತಿ ಬಿಟ್ಟ ಮೇಲೂ ಆರ್‌ಪಿಎಂ ಬೀಳುವ ಹಾಗಿದ್ದರೆ, ಅದು ಜನರೇಟರ್ ಫೀಲ್ಡ್ ತಗ್ಗಿಸಿ ಎಂಜಿನ್ ಕಾಪಾಡುತ್ತದೆ. ಆದ್ದರಿಂದ ಬಡವಾದ ಎಂಜಿನ್‌ನಲ್ಲೂ ಆರ್‌ಪಿಎಂ 1000 ತೋರಿಸುತ್ತಿರುತ್ತದೆ, ಆಂಪ್ ಮಾತ್ರ ಕಮ್ಮಿ. ನೋಡಿದವರು ಎಲೆಕ್ಟ್ರಿಕಲ್ ದೋಷ ಅಂದುಕೊಳ್ಳುತ್ತಾರೆ. ರ‍್ಯಾಕ್ ನೋಡಿದರೆ ಸತ್ಯ ಗೊತ್ತಾಗುತ್ತದೆ. ಇದರ ಉಲ್ಟಾ, ಲೋಡ್ ಕಂಟ್ರೋಲ್ ಮೇಲ್ಗಡೆ ಸಿಕ್ಕಿಹಾಕಿಕೊಂಡಿದ್ದರೆ ಎಂಜಿನ್ ಮೇಲೆ ಮಿತಿ ಮೀರಿ ಭಾರ ಬಿದ್ದು ಆರ್‌ಪಿಎಂ ಕುಸಿಯುತ್ತದೆ, ಹೊಗೆ ದಟ್ಟವಾಗಿ ಬರುತ್ತದೆ. ಆಗ ಎಂಜಿನ್ ಚೆನ್ನಾಗೇ ಇರುತ್ತದೆ, ಪಾಪ.

ಗಾಳಿ ಕಡೆ

ಗಾಳಿ ಹೋಗುವ ದಾರಿಯಲ್ಲೇ ನಡೆದುಕೊಂಡು ಹೋಗಿ: ಫಿಲ್ಟರ್, ಟರ್ಬೊ ಕಂಪ್ರೆಸರ್, ಆಫ್ಟರ್‌ಕೂಲರ್, ಏರ್ ಮ್ಯಾನಿಫೋಲ್ಡ್, ಸಿಲಿಂಡರ್, ಎಕ್ಸಾಸ್ಟ್ ಮ್ಯಾನಿಫೋಲ್ಡ್, ಟರ್ಬೈನ್, ಚಿಮಣಿ.

ಫಿಲ್ಟರ್ ಕಣ್ಣಿಗೆ ಚೆನ್ನಾಗಿ ಕಂಡರೆ ಸಾಲದು. ಪಾರದರ್ಶಕ ಪ್ಲಾಸ್ಟಿಕ್ ಪೈಪ್ ಒಂದನ್ನು ಯು ಆಕಾರಕ್ಕೆ ಬಗ್ಗಿಸಿ ಹಲಗೆಗೆ ಕಟ್ಟಿ, ಅರ್ಧ ನೀರು ತುಂಬಿ. ಒಂದು ತುದಿಯನ್ನು ಟರ್ಬೊ ಒಳಹರಿವಿನ ಡಕ್ಟ್‌ಗೆ ಸೇರಿಸಿ, ಇನ್ನೊಂದು ತೆರೆದಿರಲಿ. ಎಂಟನೇ ನಾಚ್ ಲೋಡ್‌ನಲ್ಲಿ ಎರಡು ಕಡೆಯ ನೀರಿನ ಮಟ್ಟದ ವ್ಯತ್ಯಾಸ ಬರೆದುಕೊಳ್ಳಿ. ಹೊಸ ಫಿಲ್ಟರ್ ಹಾಕಿ ಮತ್ತೆ ಬರೆದುಕೊಳ್ಳಿ. ಹೆಚ್ಚಿನ ವ್ಯತ್ಯಾಸ ಕಂಡರೆ ಹಳೇ ಫಿಲ್ಟರ್ ಉಸಿರು ಕಟ್ಟಿಸುತ್ತಿತ್ತು ಅಂತ ಅರ್ಥ. ಖರ್ಚು ಪೈಪಿನದು ಮಾತ್ರ. ಫಿಲ್ಟರ್ ತೆಗೆದಿಟ್ಟು ಓಡಿಸಿ ನೋಡುವ ಅಭ್ಯಾಸ ಕೆಲವು ಕಡೆ ಇದೆ. ಸಿಮೆಂಟ್ ಫ್ಯಾಕ್ಟರಿ ಸೈಡಿಂಗ್‌ನಲ್ಲಿ ಹಾಗೆ ಮಾಡಿದರೆ ಲೈನರ್‌ಗೆ ನೀವೇ ಮರಳು ಕಾಗದ ತಿಕ್ಕಿದ ಹಾಗೆ.

ಸೆಕೆಂಡ್ ಹ್ಯಾಂಡ್ ಲೋಕೊದ ಫಿಲ್ಟರ್ ಪೆಟ್ಟಿಗೆಯಲ್ಲಿ ಇನ್ನೊಂದು ತಮಾಷೆ. ಮೊದಲು ಎಣ್ಣೆ ತೊಟ್ಟಿಯ ಫಿಲ್ಟರ್ ಇದ್ದು, ನಡುವೆ ಯಾರೋ ಪೇಪರ್ ಫಿಲ್ಟರ್‌ಗೆ ಬದಲಿಸಿರುತ್ತಾರೆ. ಪೆಟ್ಟಿಗೆ ಅಳತೆ ಹೊಂದದೆ ಪಕ್ಕದಲ್ಲಿ ಸಂದು. ಅಥವಾ ಸಂದು ಮುಚ್ಚಲು ತಗಡು ಬೆಸೆದು ದಾರಿಯೇ ಕಿರಿದಾಗಿರುತ್ತದೆ. ಟಾರ್ಚ್ ಹಾಕಿ ಒಳಗೆ ನೋಡಿ.

ಟರ್ಬೊವನ್ನು ಬಿಚ್ಚದೆ ಪರೀಕ್ಷಿಸುವ ಹಳೇ ಉಪಾಯ ರನ್-ಡೌನ್. ಎಂಜಿನ್ ಬಿಸಿ ಇರುವಾಗ ಐಡಲ್‌ನಿಂದ ನಿಲ್ಲಿಸಿ. ಎಂಜಿನ್ ನಿಂತ ಮೇಲೂ ಟರ್ಬೊ ತನ್ನ ಪಾಡಿಗೆ ತಿರುಗುತ್ತಿರುತ್ತದೆ. ಕಿವಿಗೊಟ್ಟು ಸದ್ದು ನಿಲ್ಲುವವರೆಗೆ ಗಡಿಯಾರ ನೋಡಿ. ನಮ್ಮ ಷೆಡ್‌ಗಳಲ್ಲಿ ಸಾಮಾನ್ಯವಾಗಿ ಒಪ್ಪುವುದು 90ರಿಂದ 180 ಸೆಕೆಂಡ್. ತುಂಬ ಬೇಗ ನಿಂತರೆ ಬೇರಿಂಗ್ ಹಿಡಿಯುತ್ತಿದೆ, ಇಲ್ಲವೇ ಚಕ್ರ ಎಲ್ಲೋ ಉಜ್ಜುತ್ತಿದೆ, ಇಲ್ಲವೇ ಮಸಿ ಕಟ್ಟಿದೆ. ಮಿತಿಗಿಂತ ಜಾಸ್ತಿ ಹೊತ್ತು ತಿರುಗಿದರೂ ಅನುಮಾನವೇ, ಬೇರಿಂಗ್ ಸಡಿಲ ಇರಬಹುದು. ನಿಂತ ಮೇಲೆ ಒಳಹರಿವಿನ ಡಕ್ಟ್ ಬಿಚ್ಚಿ ಕಂಪ್ರೆಸರ್ ಚಕ್ರವನ್ನು ಕೈಯಲ್ಲಿ ಹಿಡಿದು ಅಲ್ಲಾಡಿಸಿ ನೋಡಿ. ಬ್ಲೇಡ್ ಮೇಲೆ ಎಣ್ಣೆ ಮತ್ತು ಧೂಳು ಸೇರಿ ಗಟ್ಟಿ ಹೊಪ್ಪಳೆ ಆಗಿದ್ದರೆ, ಬರೀ ತೊಳೆದರೇ ಬೂಸ್ಟರ್ ಏರುವುದುಂಟು. ವಾಡಿ, ಶಹಾಬಾದ್ ಕಡೆಯ ಸಿಮೆಂಟ್ ಧೂಳು ಎಣ್ಣೆ ಜೊತೆ ಸೇರಿದರೆ ಏನಾಗುತ್ತದೆ ಅಂತ ಅಲ್ಲಿ ಕೆಲಸ ಮಾಡಿದವರಿಗೆ ಹೇಳಬೇಕಾಗಿಲ್ಲ, ಅಲ್ವಾ?

ಆಫ್ಟರ್‌ಕೂಲರ್ ಮರೆತುಹೋಗುವ ಭಾಗ. ಟರ್ಬೊ ಒತ್ತಿದ ಗಾಳಿ ಕಾಯುತ್ತದೆ, ಅದನ್ನು ನೀರಿನಿಂದ ತಣಿಸಿ ಸಿಲಿಂಡರ್‌ಗೆ ಕಳಿಸುವುದು ಇದರ ಕೆಲಸ. ಹೊರಗಡೆ ಎಣ್ಣೆ-ಮಸಿ, ಒಳಗಡೆ ನೀರಿನ ಗಸಿ ಕಟ್ಟಿದರೆ ಗಾಳಿಯೂ ತಣಿಯದು, ಒತ್ತಡವೂ ಬೀಳುತ್ತದೆ. ಕೂಲರ್ ಮುಂದೆ ಒಂದು, ಹಿಂದೆ ಒಂದು ಗೇಜ್ ಹಾಕಿ ಒತ್ತಡ ಹೋಲಿಸಿ. ನಿಮ್ಮ ಲೋಕೊದ ಬೂಸ್ಟರ್ ಗೇಜ್ ಯಾವ ಕಡೆಯಿಂದ ಪೈಪ್ ಎಳೆದುಕೊಂಡಿದೆ ಅನ್ನುವುದನ್ನೂ ನೋಡಿ. ಕೂಲರ್ ಮುಂಚೆಯೇ ಎಳೆದಿದ್ದರೆ ಗೇಜ್ ಸರಿಯಾಗಿ ತೋರಿಸುತ್ತದೆ, ಸಿಲಿಂಡರ್ ಮಾತ್ರ ಉಪವಾಸ.

ಅತಿ ಹೆಚ್ಚು ಸಲ ಸಿಗುವ ದೋಷ ಯಾವುದು ಅಂದರೆ ನಾನು ಹೇಳುವುದು ಎಕ್ಸಾಸ್ಟ್ ಸೋರಿಕೆ. ಸಿಲಿಂಡರ್‌ಗಳಿಂದ ಟರ್ಬೈನ್‌ವರೆಗೆ ಬರುವ ಪೈಪುಗಳ ನಡುವೆ ಹಿಗ್ಗಿ-ಕುಗ್ಗುವ ಬೆಲ್ಲೋಸ್ ಇರುತ್ತವೆ. ಬಿಸಿ-ತಂಪು, ಅದುರಾಟಕ್ಕೆ ಅವು ಸೀಳುತ್ತವೆ. ಸೀಳಿದ ಕಡೆ ಹೊಗೆಯ ರಭಸ ಸೋರಿಹೋಗಿ ಟರ್ಬೈನ್‌ಗೆ ಮುಟ್ಟುವುದು ಉಳಿದಿದ್ದು ಮಾತ್ರ. ಎಂಜಿನ್ ರೂಮಿನಲ್ಲಿ ಮಸಿ ಗೀರು, ಕಣ್ಣುರಿ, ಪುಸ್-ಪುಸ್ ಸದ್ದು ಇದರ ಗುರುತು. ರಾತ್ರಿ ಎಂಜಿನ್ ರೂಮಿನ ಲೈಟ್ ಆರಿಸಿ ಲೋಡ್ ಮೇಲೆ ನೋಡಿದರೆ ಸೀಳಿದ ಜಾಗ ಕೆಂಪಗೆ ಮಿನುಗುವುದು ಕಾಣುತ್ತದೆ. ದೂರದಿಂದ ನೋಡಿ. ಅಲ್ಲಿ ಬೆಂಕಿ ಹತ್ತಿಕೊಳ್ಳಲು ಒಂದು ಎಣ್ಣೆ ಪೈಪ್ ತೊಟ್ಟಿಕ್ಕಿದರೆ ಸಾಕು. ಗಾಳಿ ಕಡೆಯ ಸೋರಿಕೆಯಾದರೆ ಸೋಪು ನೀರಿನಲ್ಲೇ ಸಿಕ್ಕಿಬೀಳುತ್ತದೆ.

ಎಣ್ಣೆ ಕಡೆ

ಫ್ಯೂಯೆಲ್ ಒತ್ತಡ ಚದರ ಸೆಂಟಿಮೀಟರಿಗೆ ಸುಮಾರು 4 ಕೆಜಿ ಇರಬೇಕು. 3ಕ್ಕಿಂತ ಇಳಿದರೆ ಪಂಪ್‌ಗಳು ತುಂಬಿಕೊಳ್ಳುವುದಿಲ್ಲ. ಐಡಲ್‌ನಲ್ಲಿ ನೋಡಿ ಬಿಡಬೇಡಿ, ಎಂಟನೇ ನಾಚ್‌ನಲ್ಲಿ ನೋಡಿ. ಇಳಿದರೆ ಪ್ರೈಮರಿ ಫಿಲ್ಟರ್, ಸೆಕೆಂಡರಿ ಫಿಲ್ಟರ್, ಆಮೇಲೆ ಹೆಡರ್ ಕೊನೆಯ ರೆಗ್ಯುಲೇಟಿಂಗ್ ವಾಲ್ವ್. ವರ್ಷಗಟ್ಟಲೆ ನಿಂತ ಲೋಕೊ ಆದರೆ ಟ್ಯಾಂಕಿನ ತಳದಿಂದ ಎಣ್ಣೆ ಬಿಟ್ಟು ಗಾಜಿನ ಬಾಟಲಿಯಲ್ಲಿ ಹಿಡಿದು ಇಡಿ. ಸ್ವಲ್ಪ ಹೊತ್ತಿನಲ್ಲಿ ತಳದಲ್ಲಿ ನೀರು, ಅದರ ಮೇಲೆ ಕಂದು ಲೋಳೆ ಕಂಡರೆ ಟ್ಯಾಂಕ್ ತೊಳೆಯದೆ ಬೇರೆ ಗತಿ ಇಲ್ಲ. ಬರೀ ಫಿಲ್ಟರ್ ಬದಲಿಸಿದರೆ ಒಂದೆರಡು ಟ್ರಿಪ್‌ನಲ್ಲಿ ಮತ್ತೆ ಕಟ್ಟುತ್ತದೆ.

ಆಲ್ಕೊದಲ್ಲಿ ಒಂದು ಅನುಕೂಲ ಇದೆ. ಪ್ರತಿ ಸಿಲಿಂಡರ್‌ಗೂ ಅದರದೇ ಪಂಪ್, ಅದರದೇ ನಾಜಲ್. ಒಂದು ಪಂಪಿನ ರ‍್ಯಾಕನ್ನು ಕೈಯಿಂದ ಸೊನ್ನೆಗೆ ತಳ್ಳಿದರೆ ಆ ಸಿಲಿಂಡರ್ ಮಾತ್ರ ನಿಲ್ಲುತ್ತದೆ. ಐಡಲ್‌ನಲ್ಲಿ ಒಂದೊಂದನ್ನೇ ನಿಲ್ಲಿಸಿ ಕೇಳಿ. ಚೆನ್ನಾಗಿರುವ ಸಿಲಿಂಡರ್ ನಿಲ್ಲಿಸಿದಾಗ ಎಂಜಿನ್ ಸದ್ದು ತಟ್ಟನೆ ಕುಂಟುತ್ತದೆ. ಸತ್ತ ಸಿಲಿಂಡರ್ ನಿಲ್ಲಿಸಿದರೆ ಏನೂ ಬದಲಾಗದು. ಹೊಗೆ ಮಾಡುತ್ತಿರುವುದನ್ನು ನಿಲ್ಲಿಸಿದರೆ ಚಿಮಣಿ ತಿಳಿಯಾಗುತ್ತದೆ.

ಲೋಡ್‌ನಲ್ಲಿ ಇದಕ್ಕಿಂತ ಒಳ್ಳೆ ಸಾಧನ ಇನ್‌ಫ್ರಾರೆಡ್ ಥರ್ಮಾಮೀಟರ್. ಪ್ರತಿ ಸಿಲಿಂಡರ್‌ನ ಎಕ್ಸಾಸ್ಟ್ ಬೆಂಡಿನ ಮೇಲೆ ಒಂದೇ ಜಾಗಕ್ಕೆ ಗುರಿ ಇಟ್ಟು ಓದಿ. ಮೇಲ್ಮೈ ಒಂದು ಕಡೆ ಹೊಳಪು, ಒಂದು ಕಡೆ ಮಸಿ ಇದ್ದರೆ ಅಂಕಿ ಸುಳ್ಳು ಹೇಳುತ್ತದೆ. ಮೊದಲೇ ಎಲ್ಲ ಬೆಂಡಿಗೂ ಶಾಖ ತಡೆಯುವ ಕಪ್ಪು ಪೇಂಟಿನ ಬೊಟ್ಟು ಇಟ್ಟುಕೊಳ್ಳಿ. ಇಲ್ಲಿ ನಿಖರ ಡಿಗ್ರಿ ಮುಖ್ಯ ಅಲ್ಲ. ಯಾವ ಸಿಲಿಂಡರ್ ಗುಂಪಿನಿಂದ ಬೇರೆ ನಿಂತಿದೆ ಅನ್ನುವುದೇ ಮುಖ್ಯ.

ಈಗ ಆ ಕೇಸ್. ಒಂದು ಫ್ಯಾಕ್ಟರಿ ಸೈಡಿಂಗ್‌ಗೆ ಬಂದ ಹಳೇ ಲೋಕೊ. ಇದೇ ಹೊಗೆ, ಇದೇ ತಕರಾರು. ನಾನು ಹೋಗುವ ಮುಂಚೆಯೇ ಟರ್ಬೊ ಬದಲಾಗಿತ್ತು, ನಾಜಲ್ ಅಷ್ಟೂ ಹೊಸದಾಗಿತ್ತು. ಬೂಸ್ಟರ್ ಸರಿಯಾಗಿತ್ತು, ರ‍್ಯಾಕ್ ಸರಿಯಾಗಿತ್ತು, ಹೊಗೆ ಮಾತ್ರ ಜಾಸ್ತಿ. ಥರ್ಮಾಮೀಟರ್ ಹಿಡಿದಾಗ ಎಡಗಡೆ ಸಾಲಿನ ಕೆಲವು ಸಿಲಿಂಡರ್‌ಗಳು ಉಳಿದವಕ್ಕಿಂತ ಎದ್ದು ಕಾಣುವಷ್ಟು ಬಿಸಿ. ನಾಜಲ್ ಅದಲು-ಬದಲು ಮಾಡಿದೆವು, ಬಿಸಿ ಅಲ್ಲೇ ಉಳಿಯಿತು. ಅಂದರೆ ನಾಜಲ್ ಅಲ್ಲ. ಪಂಪ್‌ಗಳ ಗ್ರೀಸ್ ಕೆರೆದು ನಂಬರ್ ಓದಿದಾಗ ಗುಟ್ಟು ಹೊರಬಿತ್ತು. ಬಿಸಿ ಸಿಲಿಂಡರ್‌ಗಳ ಪಂಪ್ ಡೀಸೆಲ್ ಒತ್ತುವ 17 ಮಿಲಿಮೀಟರ್ ಪ್ಲಂಜರ್‌ನವು, ಉಳಿದವು ಹಳೇ 15 ಮಿಲಿಮೀಟರ್‌ನವು. ಹೊರಗಿನಿಂದ ನೋಡಿದರೆ ಎರಡೂ ಒಂದೇ ತರಹ. ಪ್ಲಂಜರ್ ವಿಸ್ತೀರ್ಣ ಲೆಕ್ಕ ಹಾಕಿ: 17ರ ವರ್ಗ 289, 15ರ ವರ್ಗ 225. ಅದೇ ರ‍್ಯಾಕ್, ಅದೇ ಸ್ಟ್ರೋಕ್, 28 ಶೇಕಡಾ ದೊಡ್ಡ ಪ್ಲಂಜರ್. ಆ ಸಿಲಿಂಡರ್‌ಗಳಿಗೆ ಬೇಕಾದ್ದಕ್ಕಿಂತ ಎಣ್ಣೆ ಜಾಸ್ತಿ, ಉಳಿದವು ಆಲಸಿಗಳು. ಎಲ್ಲವೂ ಒಂದೇ ಅಳತೆಯ, ಒಂದೇ ಬೆಂಚಿನಲ್ಲಿ ಕ್ಯಾಲಿಬ್ರೇಟ್ ಮಾಡಿದ ಪಂಪ್ ಹಾಕಿದ ಮೇಲೆ ಹೊಗೆ ನಿಂತಿತು. ತೆಗೆದಿಟ್ಟಿದ್ದ ಹಳೇ ಟರ್ಬೊವನ್ನು ಬೆಂಚ್ ಮೇಲೆ ನೋಡಿದಾಗ ಅದರಲ್ಲಿ ಏನೂ ದೋಷ ಇರಲಿಲ್ಲ.

17ರ ಪಂಪ್ ಕೆಟ್ಟದ್ದು ಅಂತ ಅಲ್ಲ. ಎಣ್ಣೆ ಉಳಿತಾಯಕ್ಕೆ ಅಂತಲೇ ರೈಲ್ವೆ ಅದನ್ನು ತಂದಿದ್ದು. ಪೂರ್ತಿ ಸೆಟ್ ಇದ್ದು, ಅದಕ್ಕೆ ತಕ್ಕ ಸೆಟ್ಟಿಂಗ್ ಇದ್ದರೆ ಒಳ್ಳೆಯದೇ. ಸ್ಟೋರ್‌ನಲ್ಲಿ ಸಿಕ್ಕಿದ್ದನ್ನು ಸಿಕ್ಕ ಜಾಗಕ್ಕೆ ಹಾಕುವುದೇ ತೊಂದರೆ. ಬಿಡಿಭಾಗಕ್ಕಾಗಿ ಇನ್ನೊಂದು ಸತ್ತ ಲೋಕೊ ಇಟ್ಟುಕೊಳ್ಳುವ ಸಣ್ಣ ರೈಲ್ವೆಗಳಲ್ಲಿ, ಸ್ಕ್ರಾಂಟನ್ ಆಗಲಿ ಬಳ್ಳಾರಿ ಆಗಲಿ, ಈ ಅಪಾಯ ಇದ್ದೇ ಇರುತ್ತದೆ.

ನಾಜಲ್ ಬಗ್ಗೆ ಚಿಕ್ಕದಾಗಿ. ತೆರೆಯುವ ಒತ್ತಡ ಸುಮಾರು 4000 ಪಿಎಸ್‌ಐ. ಟೆಸ್ಟರ್‌ಗೆ ಹಾಕಿ ಪಂಪ್ ಮಾಡಿದಾಗ ಮಂಜಿನಂತೆ ಸಣ್ಣಗೆ ಹರಡಬೇಕು, ಟಕ್ ಅಂತ ಸದ್ದು ಬರಬೇಕು, ಆಮೇಲೆ ತುದಿ ಒಣಗಿರಬೇಕು. ತುದಿಯಲ್ಲಿ ಹನಿ ನಿಂತರೆ ಅದು ಹೊಗೆ ಮಾಡುವ ನಾಜಲ್.

ಸೆಟ್ಟಿಂಗ್ ಮತ್ತು ಸವೆತ

ವಾಲ್ವ್ ಟ್ಯಾಪೆಟ್ ಸಂದು (ವಾಲ್ವ್ ತುದಿಗೂ ಅದನ್ನು ಒತ್ತುವ ತೋಳಿಗೂ ನಡುವಿನ ಬಿಡುವು) ಎಂಜಿನ್ ತಣ್ಣಗಿರುವಾಗ 0.034 ಇಂಚು. ಸಂದು ಕಮ್ಮಿಯಾಗಿ ಎಕ್ಸಾಸ್ಟ್ ವಾಲ್ವ್ ಸರಿಯಾಗಿ ಕೂರದಿದ್ದರೆ ಸಿಲಿಂಡರ್ ಒತ್ತಡ ಸೋರುತ್ತದೆ, ವಾಲ್ವ್ ಸುಡುತ್ತದೆ. ಅರ್ಧ ದಿನದ ಕೆಲಸ, ಆದರೆ ಇದನ್ನು ಬಿಟ್ಟು ಉಳಿದೆಲ್ಲ ಮಾಡುವವರೇ ಜಾಸ್ತಿ.

ಕ್ರ್ಯಾಂಕ್‌ಕೇಸ್ ಒಳಗೆ ಸದಾ ಸ್ವಲ್ಪ ವ್ಯಾಕ್ಯೂಮ್ ಇರಬೇಕು. ಒಳಗಿನ ಹಬೆ ಹೀರುವ ಎಕ್ಸಾಸ್ಟರ್ ಮೋಟಾರ್ ಚೆನ್ನಾಗಿದ್ದೂ ವ್ಯಾಕ್ಯೂಮ್ ನಿಲ್ಲುತ್ತಿಲ್ಲ, ಲ್ಯೂಬ್ ಎಣ್ಣೆ ಹಾಕುವ ಬಾಯಿಂದ ಹಬೆ ಬರುತ್ತಿದೆ ಅಂದರೆ ರಿಂಗ್-ಲೈನರ್ ಸವೆದಿವೆ. ಆಗ ಕಂಪ್ರೆಷನ್ ಟೆಸ್ಟ್ ಮಾಡಿ ಯಾವ ಸಿಲಿಂಡರ್ ಅಂತ ಹಿಡಿಯಿರಿ. ಹದಿನಾರನ್ನೂ ಬಿಚ್ಚುವ ಉತ್ಸಾಹ ಬೇಡ.

ಎಲೆಕ್ಟ್ರಿಕಲ್ ಕಡೆಗೆ ಬೆರಳು ತೋರಿಸಿದ್ದರೆ ನೋಡಬೇಕಾದ್ದು ಸ್ವಲ್ಪವೇ. ಯಾವುದಾದರೂ ಟ್ರಾಕ್ಷನ್ ಮೋಟಾರ್ ಕಟ್-ಔಟ್ ಆಗಿ ಮರೆತುಹೋಗಿದೆಯೇ? ಲೋಡ್ ಕಂಟ್ರೋಲ್ ಪೊಟೆನ್ಷಿಯೋಮೀಟರ್ ಪೂರ್ತಿ ಸುತ್ತು ತಿರುಗುತ್ತಿದೆಯೇ, ಕೊಳೆಯಿಂದ ನಡುವೆ ಎಲ್ಲಾದರೂ ಸಂಪರ್ಕ ತಪ್ಪುತ್ತಿದೆಯೇ? ಎಕ್ಸೈಟರ್ ಬ್ರಷ್‌ಗಳು ಸವೆದಿವೆಯೇ? ಬೇರೆ ಬೇರೆ ಲೋಕೊದ ಚಕ್ರಗಳನ್ನು ಸೇರಿಸಿ ಮಾಡಿದ ಬೋಗಿ ಆಗಿದ್ದರೆ ಚಕ್ರದ ವ್ಯಾಸ ಅಳೆಯಿರಿ. ವ್ಯತ್ಯಾಸ ಇದ್ದರೆ ಮೋಟಾರ್‌ಗಳ ಕರೆಂಟ್ ಸಮ ಇರದೆ ವೀಲ್ ಸ್ಲಿಪ್ ರಿಲೇ ಆಗಾಗ ಪವರ್ ಕತ್ತರಿಸುತ್ತದೆ. ಡ್ರೈವರ್‌ಗೆ ಅದೂ "ಎಳೆಯುತ್ತಿಲ್ಲ" ಅಂತಲೇ ಅನಿಸುತ್ತದೆ.

ಮಾಡಬಾರದ್ದು

ಪವರ್ ಕಮ್ಮಿ ಅಂತ ರ‍್ಯಾಕ್ ಸ್ಟಾಪ್ ಸಡಿಲಿಸಿ ಎಣ್ಣೆ ಜಾಸ್ತಿ ಬಿಡಬೇಡಿ. ಗಾಳಿ ಇಲ್ಲದ ಕಡೆ ಎಣ್ಣೆ ಸುರಿದರೆ ಪವರ್ ಬರುವುದಿಲ್ಲ, ಎಕ್ಸಾಸ್ಟ್ ಕಾದು ವಾಲ್ವ್, ಪಿಸ್ಟನ್ ಕಿರೀಟ, ಕೊನೆಗೆ ಟರ್ಬೈನ್ ಬ್ಲೇಡ್ ಸುಡುತ್ತದೆ. ಹಿಂದಿನ ಮಾಲೀಕರು ಇದನ್ನು ಮಾಡಿರುವ ಸಾಧ್ಯತೆ ಇದೆ. ಸ್ಟಾಪ್‌ನ ಸೀಲ್ ತಂತಿ ಇದೆಯೇ, ಕಿತ್ತಿದೆಯೇ ನೋಡಿ. ಕಿತ್ತಿದ್ದರೆ ಗವರ್ನರ್ ಮತ್ತು ರ‍್ಯಾಕ್ ಸೆಟ್ಟಿಂಗ್ ಮೊದಲಿನಿಂದ ಮಾಡದೆ ಬೇರೆ ಯಾವ ರೀಡಿಂಗ್ ಅನ್ನೂ ನಂಬಬೇಡಿ.

ಒಂದೇ ಸಲಕ್ಕೆ ಎರಡು ಭಾಗ ಬದಲಿಸುವುದೂ ಬೇಡ. ಹೊಗೆ ನಿಂತರೆ ಯಾವುದರಿಂದ ನಿಂತಿತು ಅಂತ ಗೊತ್ತಾಗುವುದಿಲ್ಲ. ಅದೇ ಮಾದರಿಯ ಪಕ್ಕದ ಲೋಕೊ ನಾಳೆ ಇದೇ ತರಹ ಕೆಮ್ಮಲು ಶುರುಮಾಡಿದಾಗ ಮತ್ತೆ ಮೊದಲಿನಿಂದ ಹುಡುಕಬೇಕು.

ಫಿಲ್ಟರ್, ಬೆಲ್ಲೋಸ್, ಕೂಲರ್, ಪಂಪ್, ನಾಜಲ್, ಟ್ಯಾಪೆಟ್ ಎಲ್ಲ ಸರಿಯಾಗಿದ್ದೂ ರ‍್ಯಾಕ್ ಪೂರ್ತಿ, ಬೂಸ್ಟರ್ ಕಮ್ಮಿ, ಹೊಗೆ ಕರಿ ಅಂತಲೇ ಉಳಿದರೆ ಈಗ ಟರ್ಬೊ ಇಳಿಸಿ. ಇಳಿಸಿದ ಮೇಲೆ ಟರ್ಬೊ ಒಳಗಿನ ನಾಜಲ್ ರಿಂಗ್ (ಹೊಗೆಯನ್ನು ಟರ್ಬೈನ್ ಕಡೆ ತಿರುಗಿಸುವ ಬಳೆ) ನೋಡಿ. ಮುರಿದ ವಾಲ್ವ್ ಅಥವಾ ಪಿಸ್ಟನ್ ರಿಂಗಿನ ಚೂರು ಬಡಿದು ಅದರ ರೆಕ್ಕೆಗಳು ಬಾಗಿದ್ದರೆ ಟರ್ಬೈನ್‌ಗೆ ರಭಸ ಸರಿಯಾಗಿ ಸಿಗುವುದಿಲ್ಲ, ಹೊರಗಿನಿಂದ ಅದು ಕಾಣುವುದೂ ಇಲ್ಲ. ಚೂರು ಸಿಕ್ಕಿದರೆ ಅದು ಯಾವ ಸಿಲಿಂಡರ್‌ನಿಂದ ಬಂತು ಅಂತ ಹುಡುಕಿ ಸರಿ ಮಾಡದೆ ಹೊಸ ಟರ್ಬೊ ಮೇಲೇರಿಸಬೇಡಿ. ನೀರಿನಿಂದ ತಣಿಸುವ ಮಾದರಿ ಆಗಿದ್ದರೆ ಕೇಸಿಂಗ್‌ಗೆ ಒತ್ತಡದ ನೀರು ಹಾಕಿ ಬಿರುಕು ಪರೀಕ್ಷಿಸಿ. ಹೊಸದು ಕೂರಿಸಿದ ದಿನವೇ ರನ್-ಡೌನ್ ಸೆಕೆಂಡ್, ಎಂಟನೇ ನಾಚ್ ಬೂಸ್ಟರ್, ರ‍್ಯಾಕ್, ಹದಿನಾರು ಎಕ್ಸಾಸ್ಟ್ ಅಂಕಿ, ಆ ಹೊತ್ತಿನ ಹೊರಗಿನ ಉಷ್ಣತೆ ಎಲ್ಲವನ್ನೂ ಪೇಂಟ್‌ನಲ್ಲಿ ಎಂಜಿನ್ ರೂಮ್ ಬಾಗಿಲ ಒಳಬದಿಗೆ ಬರೆದಿಡಿ. ಲಾಗ್ ಪುಸ್ತಕ ಲೋಕೊ ಮಾರುವಾಗ ಕಳೆದುಹೋಗುತ್ತದೆ, ಬಾಗಿಲು ಜೊತೆಗೇ ಹೋಗುತ್ತದೆ.